ಮೂರು ಊರು ಹಾಯ್ದು ಸವದತ್ತಿಗೆ

ಕಾದ ಹಂಚಿನ ಮೇಲೆ ಎಕ್ಕೆಯ ಎಲೆ ಇಟ್ಟು ಎರಡು ಹನಿ ಔಡಲೆಣ್ಣೆ ಸವರಿದರೆ ಒಂದು ವಾಸನೆ ಏಳುತ್ತದೆ. ಅದನ್ನು ಒಳ್ಳೆಯ ವಾಸನೆ ಎಂದವರನ್ನು ನಾನು ಕಂಡಿಲ್ಲ. ಕಳೆದ ವಾರ ನನ್ನ ಹೆಂಡತಿ ಸುಮಿತ್ರಾ ತನ್ನ ಮೊಣಕಾಲಿಗೆಂದು ಎಲೆ ಕಾಯಿಸುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನನ್ನ ಕೈ ತಾನಾಗಿಯೇ ಬಲಗಾಲಿನ ಹಿಮ್ಮಡಿಗೆ ಹೋಯಿತು. ಅಲ್ಲಿ ಈಗ ನೋವಿಲ್ಲ. ಮೋಡ ಕವಿದ ದಿನ ಸ್ವಲ್ಪ ಬಿಗಿಯುತ್ತದೆ, ಅಷ್ಟೆ. ಆದರೂ ಆ ವಾಸನೆ ಬಂತೆಂದರೆ ನನಗೆ ನಿವೃತ್ತಿಯೂ ನೆನಪಿರುವುದಿಲ್ಲ, ತಲೆಯ ಬಿಳಿ ಕೂದಲೂ ನೆನಪಿರುವುದಿಲ್ಲ. ಎರಡು ಸಾವಿರದ ಮೂರರ ಮಳೆಗಾಲ ಮುಗಿದು ಮರುವರ್ಷದ ಫೆಬ್ರುವರಿಯವರೆಗಿನ ಆ ಐದಾರು ತಿಂಗಳು ಬಂದು ಎದುರಿಗೆ ಕೂರುತ್ತವೆ.

ನಾನಾಗ ರಾಮದುರ್ಗ–ಸವದತ್ತಿ ಬಸ್ಸಿನ ಕಂಡಕ್ಟರ್. ಮನೆ ಮನೋಳಿಯಲ್ಲಿ. ವಯಸ್ಸು ಮೂವತ್ತೊಂಬತ್ತು. ಓಟದ ಹುಚ್ಚು ಮಾತ್ರ ಹಳೆಯದು. ರಾಮದುರ್ಗದಲ್ಲಿ ಕಾಲೇಜು ಓದುವಾಗ ಹತ್ತು ಕಿಲೋಮೀಟರ್ ಓಟದಲ್ಲಿ ಎರಡು ವರ್ಷ ಮೊದಲಿಗನಾಗಿದ್ದೆ. ಜನ್ಮದಲ್ಲಿ ಒಮ್ಮೆಯಾದರೂ ಪೂರ್ತಿ ಮ್ಯಾರಥಾನ್, ಅಂದರೆ ನಲವತ್ತೆರಡು ಕಿಲೋಮೀಟರಿನ ಮೇಲೆ ನೂರಾ ತೊಂಬತ್ತೈದು ಮೀಟರ್ ಓಡಬೇಕೆಂಬ ಆಸೆ ಆಗಲೇ ಹೊಕ್ಕಿತ್ತು. ಆಮೇಲೆ ನೌಕರಿ ಬಂತು, ಮದುವೆ ಬಂತು, ಹಿಂದೆಯೇ ಹಿಮ್ಮಡಿಯ ಕಾಟವೂ ಬಂತು.

ಮೊದಲನೆಯ ಸಲ ಕೆಟ್ಟಿದ್ದು ತೊಂಬತ್ತೇಳರಲ್ಲಿ. ಬಸ್ಸು ಹಿಂದಕ್ಕೆ ತೆಗೆಯುವಾಗ ಸೀಟಿ ಊದುತ್ತ ಮೆಟ್ಟಿಲಿನಿಂದ ಜಿಗಿದೆ; ಕಾಲು ಕಲ್ಲಿನ ಅಂಚಿಗೆ ಬಿತ್ತು. ಹಿಮ್ಮಡಿಯ ಮೇಲಿನ ದಪ್ಪ ನರ ಅರ್ಧ ಹರಿದು ಒಂದೂವರೆ ತಿಂಗಳು ಪ್ಲಾಸ್ಟರಿನಲ್ಲಿ ಮಲಗಿದೆ. ಎರಡನೆಯ ಸಲ ತಪ್ಪು ಪೂರ್ತಿ ನನ್ನದೇ. ಎರಡು ಸಾವಿರದ ಒಂದರಲ್ಲಿ, ಕಾಲು ಸರಿಹೋಯಿತೆಂದು ನಾನೇ ತೀರ್ಪು ಕೊಟ್ಟುಕೊಂಡು, ಅಂಗಾಲು ಸವೆದ ಕ್ಯಾನ್ವಾಸ್ ಬೂಟು ಹಾಕಿ ಒಂದೇ ಬೆಳಿಗ್ಗೆ ಹದಿನೈದು ಕಿಲೋಮೀಟರ್ ಓಡಿದೆ. ಅದೇ ನರ ಅದೇ ಜಾಗದಲ್ಲಿ ಮತ್ತೆ ಹರಿಯಿತು. ಮೂರು ತಿಂಗಳು ಬಸ್ ನಿಲ್ದಾಣದಲ್ಲಿ ಕುರ್ಚಿಯ ಕೆಲಸ. ಹೋಗಿ ಬರುವವರೆಲ್ಲ ಕಾಲು ನೋಡಿ ಮರುಗುತ್ತಿದ್ದರು. ಬೈಲಹೊಂಗಲದ ಡಾಕ್ಟರು ಮಾತ್ರ ಮರುಗಲಿಲ್ಲ.

"ಮೂರನೇ ಸಲ ಹರೀತಂದ್ರ ಓಡೂದು ಒತ್ತಟ್ಟಿಗಿರ್ಲಿ, ದಿನಾ ಎಂಟು ತಾಸು ಬಸ್ಸಿನ್ಯಾಗ ನಿಂದ್ರಾಕೂ ಆಗೂದಿಲ್ಲ," ಅಂದರು. "ಕಂಡಕ್ಟರ್ ಕೆಲಸ ಬೇಕೋ, ಓಟ ಬೇಕೋ, ವಿಚಾರ ಮಾಡ್ರಿ."

ಎರಡೂ ಬೇಕೆಂದು ಅವರೆದುರು ಹೇಳುವ ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ಮನೋಳಿಗೆ ಬರುವ ದಾರಿಯಲ್ಲಿ ಸುಮಿತ್ರಾಗೆ ಹೇಳಿದೆ. ಬಟ್ಟೆ ಹೊಲಿದು ಮನೆಗೆ ಆಸರೆಯಾದವಳು ಅವಳು. ಯಾವುದನ್ನೂ ಅಳತೆ ಇಲ್ಲದೆ ಕತ್ತರಿಸುವವಳಲ್ಲ. ಮನೆ ಮುಟ್ಟಿದ ಮೇಲೆ ಅಂದಳು:

"ಒಂದು ಮ್ಯಾರಥಾನ್. ಒಂದ ಮತ್ತ. ಅದೂ ನಾ ಹಿಂಬಡ ಒತ್ತಿ ನೋಡಿ, ಹೂಂ ಅಂದ ಮ್ಯಾಲ."

ಅಂದಿನಿಂದ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಸಂಜೆ ನಾನು ಕಾಲು ತೊಳೆದು ಬಂದು ಬೋರಲು ಮಲಗಬೇಕು. ಅವಳು ಬಿಸಿ ಎಕ್ಕೆಯ ಎಲೆ ಕಟ್ಟುವ ಮೊದಲು ಹೆಬ್ಬೆರಳಿನಿಂದ ಆ ನರವನ್ನು ಒತ್ತಬೇಕು. ನೋವಾದರೆ ಮರುದಿನ ಓಟವಿಲ್ಲ. ನಾನು ಉಸಿರು ಬಿಗಿಹಿಡಿದು "ಏನೂ ನೂಸೂದಿಲ್ಲ" ಎನ್ನುತ್ತಿದ್ದೆ. ಅವಳು ನನ್ನ ಬಾಯಿಯ ಮಾತನ್ನು ಕೇಳುತ್ತಲೇ ಇರಲಿಲ್ಲ. ಕಾಲಿನ ಬೆರಳು ಮುದುಡಿದವೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದಳು. ಹೀಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಸಂಜೆಗಳಿಗೆ ಲೆಕ್ಕವಿಲ್ಲ.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬಂತಾಗಿತ್ತು ನನ್ನ ಗತಿ. ಓಡದೆ ಕಾಲಿಗೆ ಬಲ ಬರದು, ಬಲ ಬರದೆ ಓಡುವ ಹಾಗಿಲ್ಲ. ಮೊದಲ ಎರಡು ವರ್ಷ ಬರೀ ನಡಿಗೆ, ಮಲಪ್ರಭೆಯ ದಂಡೆಯ ಮೆತ್ತನೆ ಮಣ್ಣಿನಲ್ಲಿ. ಎರಡು ಸಾವಿರದ ಮೂರರ ಮಳೆ ನಿಂತ ಮೇಲೆ ಹೆಬ್ಬೆರಳಿನ ಪರೀಕ್ಷೆಯಲ್ಲಿ ಸತತ ಹದಿನೈದು ದಿನ ಪಾಸಾದೆ. ಆಮೇಲೆ ಡಾಂಬರು ರಸ್ತೆಗೆ ಇಳಿದೆ.

ರಸ್ತೆಯ ಮೇಲೆ ನನ್ನ ಅಳತೆಗೋಲು ನನ್ನ ಚೀಲದಲ್ಲೇ ಇತ್ತು. ಯಾವ ನಿಲುಗಡೆಯಿಂದ ಯಾವ ನಿಲುಗಡೆಗೆ ಎಷ್ಟು ಕಿಲೋಮೀಟರ್ ಎಂದು ಬರೆದ ಮಾರ್ಗದ ಪಟ್ಟಿ. ಏಳು ವರ್ಷ ಅದನ್ನೇ ನಂಬಿ ಟಿಕೆಟ್ ಹರಿದವನು ನಾನು. ಯಾರಾದರೂ ಟಿಕೆಟ್ ತೆಗೆಸಿದ ಊರು ದಾಟಿ ಒಂದು ನಿಲುಗಡೆ ಮುಂದೆ ಕೂತರೆ, ಬೀಗರೇ ಇರಲಿ, ಎಬ್ಬಿಸಿದ್ದೇನೆ. ಇನ್ನು ಓಟಕ್ಕೆ ಬೇರೆ ಅಳತೆ ಯಾಕೆ ಬೇಕು? ವಾರದ ರಜೆಯ ದಿನ ಸವದತ್ತಿಯಿಂದ ರಾಮದುರ್ಗದ ಕಡೆ ಓಡುತ್ತಿದ್ದೆ. ಎರಡು ನಿಲುಗಡೆ, ಮೂರು ನಿಲುಗಡೆ, ಆಮೇಲೆ ನಾಲ್ಕು. ಮರಳುವಾಗ ಬಸ್ಸು. ಬಿಳಿಜೋಳ ಮೊಣಕಾಲುದ್ದ ಇದ್ದಾಗ ಶುರುಮಾಡಿದ್ದೆ, ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಪಟ್ಟಿಯ ಲೆಕ್ಕದಲ್ಲಿ ಮೂವತ್ತು ಕಿಲೋಮೀಟರ್ ಮುಟ್ಟಿದ್ದೆ. ಬೆಳಿಗ್ಗೆ ಕಡಲೆಯ ಹೊಲದ ಬದಿಗೆ ಹಾದರೆ ಇಬ್ಬನಿಯ ಜೊತೆ ಹುಳಿ ವಾಸನೆ ಬರುತ್ತಿತ್ತು. ನನಗೆ ಬಹಳ ಸುಖವಾಗಿದ್ದ ದಿನಗಳವು.

ನನ್ನ ಬಸ್ಸಿನ ಡ್ರೈವರ್ ರಾಜೇಸಾಬ್ ಮಾಮಾ ನನಗಿಂತ ಹದಿನೈದು ವರ್ಷ ಹಿರಿಯರು. ಕಡಿಮೆ ಮಾತು. ಇಡೀ ಡಿಪೋದಲ್ಲಿ ಎಲ್ಲರಿಗಿಂತ ಕಡಿಮೆ ಡೀಸೆಲಿನಲ್ಲಿ ಬಸ್ಸು ಓಡಿಸುವವರೆಂದು ಹೆಸರು. ರಜೆಯ ದಿನ ನಾನು ರಸ್ತೆಯಲ್ಲಿ ಓಡುವುದು ಕಂಡರೆ ಬಸ್ಸು ನಿಧಾನ ಮಾಡಿ, "ಶಂಕರಾ, ಸೀಟ ಖಾಲಿ ಅದಾವ ನೋಡಪಾ," ಎಂದು ಹೋಗುತ್ತಿದ್ದರು.

ಡಿಸೆಂಬರಿನಲ್ಲಿ ಹೊಸಮನಿ ಮಾಸ್ತರು ಬಸ್ಸಿನಲ್ಲಿ ನನ್ನ ಪಕ್ಕ ಬಂದು ನಿಂತರು. ದಿನವೂ ನಮ್ಮ ಬಸ್ಸಿನಲ್ಲೇ ಶಾಲೆಗೆ ಹೋಗುವವರು, ಒಂದು ತರುಣ ಸಂಘದ ಕಾರ್ಯದರ್ಶಿ. ಸಂಘದಿಂದ ಜನವರಿಯಲ್ಲಿ ಮ್ಯಾರಥಾನ್ ಇಡಬೇಕೆಂದಿದ್ದಾರೆ. ರಾಮದುರ್ಗದಿಂದ ಸವದತ್ತಿಗೆ ಎಷ್ಟಾಗುತ್ತದೆ? ಆ ವರ್ಷ ರಸ್ತೆ ಅಗಲ ಮಾಡುತ್ತ ಕಿಲೋಮೀಟರ್ ಕಲ್ಲುಗಳನ್ನೆಲ್ಲ ಕಿತ್ತು ಬದಿಗೆ ಒಗೆದಿದ್ದರು. ಮಾಸ್ತರರ ಮೋಟಾರ್ ಸೈಕಲ್ಲಿನ ಮೀಟರ್ ನಿಂತು ಯಾವ ಕಾಲವಾಗಿತ್ತೋ. ನಾನು ಚೀಲದಿಂದ ಪಟ್ಟಿ ತೆಗೆದು ಬೆರಳಿಟ್ಟು ತೋರಿಸಿದೆ. ಸರಿಯಾಗಿ ನಲವತ್ತೆರಡು.

"ಹಂಗಂದ್ರ ದೇವರ ಕೊಟ್ಟ ರಸ್ತೆ ಬಿಡ್ರಿ ಇದು," ಅಂದರು ಮಾಸ್ತರು. "ಆದ್ರ ಮ್ಯಾಲಿನ ನೂರಾ ತೊಂಬತ್ತೈದು ಮೀಟರ್?"

ಅದಕ್ಕೆ ನಾವಿಬ್ಬರೂ ಮೂರು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ನಾನೇ ಹಗ್ಗ ಹಿಡಿದು ಸವದತ್ತಿಯ ಬಸ್ ನಿಲ್ದಾಣದ ಆವರಣವನ್ನು ಅಳೆದು, ಕೊನೆಯಲ್ಲಿ ಅದರ ಸುತ್ತ ಒಂದು ಸುತ್ತು ಹಾಕಿಸಿದರೆ ಸರಿಹೋಗುತ್ತದೆಂದು ಗೊತ್ತುಮಾಡಿದೆ. ಒಂದು ಮೀಟರೂ ಕಡಿಮೆಯಾಗಬಾರದು ನೋಡಿ.

ಓಟದ ಹಿಂದಿನ ಸಂಜೆ ಸುಮಿತ್ರಾ ಹಿಮ್ಮಡಿ ಒತ್ತಿದಳು. ಬೆರಳು ಮುದುಡಲಿಲ್ಲ. "ಹೂಂ," ಅಂದಳು.

ರಾಮದುರ್ಗದಲ್ಲಿ ಬೆಳಿಗ್ಗೆ ಆರಕ್ಕೆ ಮೂವತ್ತರ ಹತ್ತಿರ ಜನ ಹೊರಟೆವು. ಚಳಿ ಇತ್ತು. ಅರ್ಧ ಜನ ಬರಿಗಾಲಿನವರು. ನಾನು ಮೊದಲಿನಿಂದಲೂ ಹಿಂದೆಯೇ ಇದ್ದೆ. ಗೆಲ್ಲುವ ಆಸೆ ಇರಲಿಲ್ಲ, ಮುಗಿಸಬೇಕಿತ್ತು. ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ನರಕ ಕಾಣುತ್ತದೆ, ಕಾಲು ಕಲ್ಲಾಗುತ್ತವೆ ಎಂದು ಓಡಿ ಬಲ್ಲವರು ಹೆದರಿಸಿದ್ದರು. ನಾನು ಆ ನರಕ ಬರಲಿ ಎಂದು ಕಾಯುತ್ತಲೇ ಓಡಿದೆ. ಬರುವುದರೊಳಗೆ ಸವದತ್ತಿ ಬಂತು. ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿ ನಿಂತೆ. ಹತ್ತೊಂಬತ್ತನೆಯವನು. ಕೊರಳಿಗೆ ಚೆಂಡು ಹೂವಿನ ಹಾರ, ಕೈಗೆ ಪ್ರಮಾಣಪತ್ರ. ಸುಮಿತ್ರಾಳ ಕಣ್ಣಲ್ಲಿ ನೀರು ನೋಡಿ ನನಗೂ ತಡೆಯಲಾಗಲಿಲ್ಲ. "ಜನ ಸುಮ್ನ ಹೆದರಸ್ತಾರ, ಅಷ್ಟೇನ ಇಲ್ಲ ಅದು," ಎಂದು ಸಿಕ್ಕವರಿಗೆಲ್ಲ ಹೇಳಿದೆ. ಎರಡು ದಿನ ಹೇಳುತ್ತಲೇ ಇದ್ದೆ.

ಮೂರನೆಯ ದಿನ ರಾಮದುರ್ಗದಲ್ಲಿ ರಾಜೇಸಾಬ್ ಮಾಮಾನಿಗೂ ಹೇಳಿದೆ. ಓಟದ ದಿನ ಅವರು ಊರಲ್ಲಿರಲಿಲ್ಲ. ಚಹಾದ ಬಸಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಊರೊಳಗ ಹೊಕ್ಕಿದ್ರೇನು ನೀವು?"

"ಯಾವ ಊರೊಳಗ ಮಾಮಾ?"

"ದಾರ್ಯಾಗ ನಮ್ಮ ಗಾಡಿ ಮೂರು ಊರೊಳಗ ಹೊಕ್ಕು ಬರ್ತೈತೆಲ್ಲಪಾ. ಕ್ರಾಸಿನಿಂದ ಒಳಗ ಹೋಗಿ, ಹೊಳ್ಳಿ ಕ್ರಾಸಿಗೆ ಬಂದ್ರ ಒಂದೊಂದು ಊರಿಗೆ ಒಂದೂವರಿ ಕಿಲೋಮೀಟರ್. ಅದನ್ನ ಹಿಡದ ಪಟ್ಟ್ಯಾಗ ನಲವತ್ತೆರಡು ಬರದಾರ. ನೆಟ್ಟಗ ರಸ್ತಾ ಹಿಡದ್ರ ಮೂವತ್ತೆಂಟೂ ಆಗೂದಿಲ್ಲ. ನನ್ನ ಡೀಸೆಲ್ ಲೆಕ್ಕ ಅದರ ಮ್ಯಾಲ ಐತಿ, ನನಗ ಗೊತ್ತಿರಂಗಿಲ್ಲೇನು?"

ನನ್ನ ಕೈಯ ಚಹಾ ಆರಿಹೋಯಿತು. ಏಳು ವರ್ಷ ದಿನಕ್ಕೆ ನಾಲ್ಕು ಸಲ ಆ ಮೂರು ಊರೊಳಗೆ ಹೊಕ್ಕು ಹೊರಬಂದಿದ್ದೇನೆ. ಬಾಗಿಲಲ್ಲಿ ನಿಂತು ಆ ಊರುಗಳ ಹೆಸರು ಕೂಗಿದ್ದೇನೆ. ಆದರೆ ಓಡುವಾಗ ಕ್ರಾಸು ಮುಟ್ಟಿದರೆ ಊರು ಮುಟ್ಟಿದೆನೆಂದೇ ಲೆಕ್ಕ ಹಿಡಿದೆ. ನೂರಾ ತೊಂಬತ್ತೈದು ಮೀಟರಿಗೆ ಹಗ್ಗ ಹಿಡಿದು ಅಳೆದವನು ನಾಲ್ಕೂವರೆ ಕಿಲೋಮೀಟರನ್ನು ನುಂಗಿಹಾಕಿದ್ದೆ. ಆ ನರಕ ಯಾಕೆ ಬರಲಿಲ್ಲವೆಂದು ಆಗ ತಿಳಿಯಿತು. ಅದು ಬರುವ ಮೊದಲೇ ನಾನು ಇಳಿದುಹೋಗಿದ್ದೆ.

ಮಾಮಾ ಬಸಿ ಕೆಳಗಿಟ್ಟು ಎದ್ದರು. "ತಿಕೀಟ ನಲವತ್ತೆರಡಕ್ಕ ತಗಸಿ, ಮೂವತ್ತೆಂಟಕ್ಕ ಇಳದ್ಯಲ್ಲಪಾ ಕಂಡಕ್ಟರಾ," ಅಂದರು. ನಕ್ಕರೋ ಇಲ್ಲವೋ ಮೀಸೆಯಲ್ಲಿ ಗೊತ್ತಾಗಲಿಲ್ಲ.

ಹೊಸಮನಿ ಮಾಸ್ತರರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ಆತು ಹೋತು, ಹೊಟ್ಟ್ಯಾಗ ಇಟ್ಕೋರಿ," ಅಂದರು. ಅವರನ್ನು ದೂರುವಂತಿಲ್ಲ, ಅಳತೆ ಕೊಟ್ಟವನು ನಾನು. ಆದರೆ ನನ್ನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಗೋಡೆಗೆ ಹಾಕಿಸಲೆಂದು ಇಟ್ಟಿದ್ದ ಪ್ರಮಾಣಪತ್ರವನ್ನು ಟ್ರಂಕಿನಲ್ಲಿ ಹಾಕಿದೆ. ಬಸ್ಸಿನಲ್ಲಿ ಒಬ್ಬ ಮುದುಕ ಒಂದು ನಿಲುಗಡೆ ಹೆಚ್ಚು ಕೂತಿದ್ದ. ಅವನನ್ನು ಎಬ್ಬಿಸಲು ಹೋದವನು ಬಾಯಿ ಬರದೆ ಹಿಂದೆ ಸರಿದೆ. ನಾಚಿಕೆ ಎಂದರೆ ಅದು. ಊರಿಗೆ ಗೊತ್ತಿಲ್ಲದ ನಾಚಿಕೆ ಇನ್ನೂ ಕೆಟ್ಟದ್ದು, ಹಂಚಿಕೊಳ್ಳಲು ಯಾರೂ ಇರುವುದಿಲ್ಲ.

ನಾಲ್ಕು ದಿನ ಬಿಟ್ಟು ಸುಮಿತ್ರಾಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ನನಗೆ ಕೊಟ್ಟಿದ್ದ ಒಂದು ಅವಕಾಶ ಮುಗಿದಿತ್ತು. ಇನ್ನೊಂದನ್ನು ಕೇಳುವ ಬಾಯಿ ನನಗಿರಲಿಲ್ಲ. ಹೊಲಿಗೆ ಮುಗಿಸಿ ದಾರ ಹರಿದು ಅವಳೇ ಅಂದಳು:

"ಒಂದು ಮ್ಯಾರಥಾನ್ ಅಂದಿದ್ದೆ. ನೀವಿನ್ನೂ ಒಂದೂ ಓಡಿಲ್ಲಲ್ರಿ."

ಎದ್ದು ಹಂಚನ್ನು ಒಲೆಯ ಮೇಲಿಟ್ಟಳು.

"ಮಲಗ್ರಿ, ಹಿಂಬಡ ನೋಡ್ತೇನಿ."

ಅಂದು ಹೆಬ್ಬೆರಳು ಇಟ್ಟ ಕೂಡಲೇ ಐದೂ ಬೆರಳು ಮುದುಡಿದವು. ಸಂಭ್ರಮದಲ್ಲಿ ಮರೆತಿದ್ದ ನೋವು ಅದು. ಮೂರು ವಾರ ಎಲೆ ಕಟ್ಟಿದಳು. ಮನೆಯೆಲ್ಲ ಅದೇ ವಾಸನೆ, ಅನ್ನದಲ್ಲೂ ಅದೇ. ಫೆಬ್ರುವರಿಯ ನಡುವೆ ಒಂದು ಸಂಜೆ ಒತ್ತಿ ನೋಡಿ, ಇನ್ನೊಮ್ಮೆ ಒತ್ತಿ ನೋಡಿ, "ಹೂಂ" ಅಂದಳು. ಅದು ಪೂರ್ತಿ ಮನಸ್ಸಿನ ಹೂಂ ಆಗಿರಲಿಲ್ಲ.

ವಾರದ ರಜೆಯ ಹಿಂದಿನ ದಿನ ರಾಮದುರ್ಗಕ್ಕೆ ಹೋಗಿ ಉಳಿದೆ. ಬೆಳಿಗ್ಗೆ ಐದಕ್ಕೆ ಬಸ್ ನಿಲ್ದಾಣದ ಬಾಗಿಲಿನಿಂದ ಹೊರಟೆ. ಹಾರವಿಲ್ಲ, ಜನರಿಲ್ಲ. ಒಂದು ನಾಯಿ ಪೇಟೆ ಮುಗಿಯುವವರೆಗೆ ಜೊತೆಗೆ ಬಂದು ತಿರುಗಿಹೋಯಿತು. ಜೋಳದ ಕೊಯ್ಲು ಶುರುವಾಗಿ ಅಲ್ಲಲ್ಲಿ ಹೊಲ ಬಯಲಾಗಿತ್ತು.

ಮೊದಲನೆಯ ಕ್ರಾಸಿನಲ್ಲಿ ಎಡಕ್ಕೆ ಹೊರಳಿ ಊರೊಳಗೆ ಹೊಕ್ಕೆ. ಬಸ್ಸು ತಿರುಗುವ ಬೇವಿನ ಮರವನ್ನು ಸುತ್ತುಹಾಕಿ ಹೊರಬಂದೆ. ಎರಡನೆಯ ಊರಲ್ಲಿ ಬುಟ್ಟಿ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ನನ್ನ ಗುರುತು ಹಿಡಿದಳು.

"ಕಂಡಕ್ಟರಪ್ಪಾ, ಗಾಡಿ ಎಲ್ಲಿ ಬಿಟ್ಟಿ?"

"ಹಿಂದ ಬರ್ತೈತಬೇ."

"ಹಂಗಾರ ನೀ ಯಾಕ ಮುಂದ ಓಡಾಕತ್ತಿ?"

ಇದಕ್ಕೆ ಉತ್ತರ ಕೊಡಲು ನಿಂತರೆ ಮತ್ತೆ ಕಾಲು ಎತ್ತಲಾಗದೆಂದು ಕೈ ಮುಗಿದು ಮುಂದೆ ಹೋದೆ.

ಮೂರನೆಯ ಕ್ರಾಸಿಗೆ ಬಂದಾಗ ಒಂಬತ್ತು ಗಂಟೆಯ ಹತ್ತಿರ. ಬಿಸಿಲು ಏರಿತ್ತು. ಹಿಮ್ಮಡಿ ಅರ್ಧ ತಾಸಿನಿಂದ ಸಿಡಿಯುತ್ತಿತ್ತು. ಎದುರಿಗೆ ರಸ್ತೆ ನೆಟ್ಟಗೆ ಸವದತ್ತಿಗೆ ಹೋಗುತ್ತದೆ; ಎಡಕ್ಕೆ ಊರು, ಹೋಗಿ ಬರಲು ಒಂದೂವರೆ ಕಿಲೋಮೀಟರ್. ಕ್ರಾಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೆಟ್ಟಗೆ ಹೋದರೆ ಕೇಳುವವರಾರು? ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಈಗ ಹೇಳಲಾರೆ. ಕೊನೆಗೆ ಎಡಕ್ಕೆ ಹೊರಳಿದೆ. ಊರ ಕಟ್ಟೆ ಮುಟ್ಟಿ ಅದರ ಮೇಲೆ ಕುಸಿದು ಕೂತೆ. ಡಾಕ್ಟರ ಮಾತು ನೆನಪಾಯಿತು. ಮೂರನೆಯ ಸಲ ಹರಿದರೆ ನೌಕರಿಯೂ ಹೋಯಿತು, ಸುಮಿತ್ರಾಳ ಯಂತ್ರದ ಮೇಲೆ ಮನೆಯ ಭಾರ ಬಿತ್ತು.

ಅಷ್ಟರಲ್ಲಿ ನಮ್ಮ ಬಸ್ಸೇ ಊರೊಳಗೆ ಬಂತು. ಬದಲಿ ಕಂಡಕ್ಟರ್ ಬಾಗಿಲು ತೆರೆದ. ಮಾಮಾ ತಮ್ಮ ಸೀಟಿನಿಂದಲೇ ಬಗ್ಗಿ ನನ್ನ ಕಾಲು ನೋಡಿದರು, ಮುಖ ನೋಡಿದರು. ಈ ಸಲ ಚೇಷ್ಟೆ ಮಾಡಲಿಲ್ಲ.

"ಹತ್ತತೀ ಏನು ಶಂಕರಾ? ಹತ್ತಿದ್ರ ಯಾರೂ ನಗೂದಿಲ್ಲ."

ನಾನು ಬಗ್ಗಿ, ಸುಮಿತ್ರಾ ಒತ್ತುವ ಜಾಗದಲ್ಲಿ ಹೆಬ್ಬೆರಳು ಇಟ್ಟು ಒತ್ತಿದೆ. ಅವಳಂತೆ ಬೆರಳುಗಳನ್ನು ನೋಡಿದೆ. ಮುದುಡಿದವು, ಆದರೆ ಮತ್ತೆ ಬಿಚ್ಚಿಕೊಂಡವು. ನರ ಹರಿದಾಗ ಹೇಗಿರುತ್ತದೆಂದು ನನಗೆ ಎರಡು ಸಲದ ಅನುಭವ, ಇದು ಅದಲ್ಲ. ಇದು ದಣಿದ ನೋವು.

"ನೀವು ನಡೀರಿ ಮಾಮಾ," ಅಂದೆ. "ಗಾಡಿ ಟೈಮ್ ಆತು."

ಅವರು ಎರಡು ಸಲ ಹಾರ್ನ್ ಹಾಕಿ ಹೊರಟರು. ಧೂಳು ಇಳಿಯುವವರೆಗೆ ಕಾಯ್ದು ನಾನೂ ಎದ್ದೆ.

ಅಲ್ಲಿಂದ ಸವದತ್ತಿಯವರೆಗಿನ ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ಜನ ಹೆದರಿಸಿದ್ದು ಸುಳ್ಳಲ್ಲ ಎಂದಷ್ಟೇ ಹೇಳಬಲ್ಲೆ. ದೂರದಲ್ಲಿ ಎಲ್ಲಮ್ಮನ ಗುಡ್ಡ ಕಂಡಿತು. ಕಂಡದ್ದು ಹತ್ತಿರವೇ ಬರಲಿಲ್ಲ. ಓಡಿದೆ, ಕುಂಟಿದೆ, ಒಂದು ಕಡೆ ಜಾಲಿಯ ಮರ ಹಿಡಿದು ನಿಂತು ಸಣ್ಣ ಮಕ್ಕಳಂತೆ ಅತ್ತೆ. ಅತ್ತ ಮೇಲೆ ಸ್ವಲ್ಪ ಹಗುರಾಯಿತು, ಮತ್ತೆ ಓಡಿದೆ.

ಸವದತ್ತಿ ನಿಲ್ದಾಣದ ಬಾಗಿಲಲ್ಲಿ ಮಾಮಾ ನಿಂತಿದ್ದರು. ಹಿಂದಿರುಗುವ ಟ್ರಿಪ್ಪಿಗೆ ಇನ್ನೂ ಹೊತ್ತಿತ್ತು. ಅವರ ಪಕ್ಕದಲ್ಲಿ ಸುಮಿತ್ರಾ. ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ಏನೋ ಇತ್ತು. ಕೈ ಚಾಚಿ ಹಿಡಿಯಲು ಬಂದಳು. "ತಡೀ," ಎಂದು ಅವಳನ್ನು ದಾಟಿ ನಿಲ್ದಾಣದ ಸುತ್ತ ಆ ಒಂದು ಸುತ್ತು ಹಾಕಲು ಹೋದೆ. ಬಸ್ಸಿಗೆ ಕಾಯುತ್ತಿದ್ದವರು, ಈ ಕಂಡಕ್ಟರನಿಗೆ ಏನಾಯಿತೆಂದು ಎದ್ದು ನೋಡಿದರು. ಸುತ್ತು ಮುಗಿಸಿ ಬಂದು ಬಸ್ಸುಗಳ ಹೊತ್ತು ಬರೆಯುವ ಕಂಟ್ರೋಲರನ ಕಿಟಕಿಯ ಕೆಳಗೆ ಕೂತುಬಿಟ್ಟೆ. ಮಾಮಾ ಅವನಿಗೆ ಮೊದಲೇ ಹೇಳಿಟ್ಟಿದ್ದರಂತೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸು ಬಂದಾಗ ಕೇಳುವ ದನಿಯಲ್ಲೇ ಕೇಳಿದ:

"ರಾಮದುರ್ಗದಿಂದ? ಊರೊಳಗ ಹಾಯ್ದು ಬಂದದ್ದೋ, ನೆಟ್ಟಗೋ?"

"ಮೂರೂ ಊರು ಹಾಯ್ದು," ಅಂದೆ.

ಅವನು ಒಂದು ಹಾಳೆಯ ಮೇಲೆ ಅದನ್ನೂ ಹೊತ್ತನ್ನೂ ಬರೆದು, ನಿಲ್ದಾಣದ ಮುದ್ರೆ ಒತ್ತಿ ಕೊಟ್ಟ. ಗೋಡೆಗೆ ಹಾಕಿಸಿದ್ದು ಅದನ್ನೇ. ಮರುವರ್ಷ ಸಂಘದವರು ಓಟಗಾರರನ್ನು ಮೂರೂ ಊರೊಳಗೆ ಹಾಯಿಸಿದರು; ಕಾರಣ ಮಾತ್ರ ಹೇಳಲಿಲ್ಲ. ನಾನು ಹೋಗಲಿಲ್ಲ. ಒಂದು ಎಂದರೆ ಒಂದೇ.

ಅಂದು ಆ ಕಿಟಕಿಯ ಕೆಳಗೆ ಸುಮಿತ್ರಾ ನನ್ನ ಬೂಟು ಬಿಚ್ಚಿ, ಜನ ನೋಡುತ್ತಿದ್ದರೂ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅರಿವೆ ಬಿಚ್ಚಿದಳು, ನಿಲ್ದಾಣದ ಚಹಾದಂಗಡಿಯ ಒಲೆಯ ಮೇಲೆ ಕಾಯಿಸಿದ್ದ ಎಕ್ಕೆಯ ಎಲೆ ಇನ್ನೂ ಬೆಚ್ಚಗಿತ್ತು. ಕಟ್ಟುವ ಮೊದಲು ಎಂದಿನಂತೆ ಹೆಬ್ಬೆರಳು ಇಟ್ಟು ಒತ್ತಿದಳು.

"ನೂಸ್ತೈತೇನು?"

"ಭಾಳ ನೂಸ್ತೈತಿ," ಅಂದೆ. ಎರಡೂವರೆ ವರ್ಷದಲ್ಲಿ ನೋವಿದ್ದಾಗ ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು.

ಅವಳು ಅಂದು ನನ್ನ ಬೆರಳುಗಳನ್ನು ನೋಡಲಿಲ್ಲ, ಮುಖವನ್ನೇ ನೋಡಿದಳು. "ನೂಸ್ಲಿ ಬಿಡ್ರಿ," ಎಂದು ಎಲೆ ಕಟ್ಟಿದಳು. "ಇವತ್ತ ನೂಸ್ಲಿ."